ಗದಿಗೆಪ್ಪ ನಾಯಿಯ ಉಗುರು ಉಜ್ಜಿದ್ದು

ಕೇಳ್ರಿ, ಹೇಳತೀನಿ. ನಗು ಬಂದರ ನಗ್ರಿ. ನಾ ಬ್ಯಾಡ ಅನ್ನೂದಿಲ್ಲ.

ಒಬ್ಬಾಕೆ ಸಾವಂತ್ರವ್ವ. ಅವಳಿಗೆ ಒಬ್ಬನೇ ಮಗ, ಗದಿಗೆಪ್ಪ. ಮೂವತ್ತು ವರ್ಷದ ಪೆದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಓಣಿ ದಾಟಿದರೆ ಮನೆಯ ದಾರಿ ಮರೆಯುವವ. ಅವನನ್ನು ಎಳೆದು ತರುವುದು ಅವರ ನಾಯಿ, ದೊರೆ. ಹಗ್ಗದ ಒಂದು ತುದಿಗೆ ನಾಯಿ, ಇನ್ನೊಂದು ತುದಿಗೆ ಮಗ. ಹಾಗೆ ಮನೆ ಮುಟ್ಟುತ್ತಿದ್ದ.

ಸಾವಂತ್ರವ್ವ ಪಾತ್ರೆ ಅಂಗಡಿಯ ಮುಂದೆ ಕೂತು ಮದುವೆಯ ಕೊಡ, ತಾಟುಗಳ ಮೇಲೆ ಹೆಸರು, ತಾರೀಕು ಕೊರೆಯುತ್ತಿದ್ದಳು. ಕೈಯಲ್ಲಿ ಸಣ್ಣ ಮಷೀನು. ತುದಿಗೆ ಗರಗರ ತಿರುಗುವ ಕಲ್ಲು. ಪಕ್ಕದಲ್ಲಿ ಕೂತ ಮಗ ನೋಡಿ ನೋಡಿ ನಾಲ್ಕು ಅಕ್ಷರ ಕಲಿತಿದ್ದ.

ದೊರೆಯ ಉಗುರು ಬೆಳೆದು, ಮುರುಟಿ, ಅಂಗಾಲಿಗೆ ಚುಚ್ಚಿದವು. ನಾಯಿ ಏಳಲೊಲ್ಲದು. ದನದ ಡಾಕ್ಟರು ನೋಡಿದ. "ಕತ್ತರಿ ಹಾಕಿದರ ಸೀಳತಾವು. ನಿನ್ನ ಮಷೀನಿಲೇ ಸ್ವಲ್ಪ ಸ್ವಲ್ಪ ಉಜ್ಜು" ಅಂದ.

ಸಾವಂತ್ರವ್ವನ ಕೈ ಆಗಲೇ ನಡುಗುತ್ತಿತ್ತು. ಕೆಮ್ಮು ಬೇರೆ.

"ನೀನ ಕಲೀಬೇಕು ಗದಿಗ್ಯಾ. ನಾ ಹೋದಮ್ಯಾಲ ನಿನ್ನ ಮನಿ ಮುಟ್ಟಸಾಕ ಇದೊಂದ ಐತಿ."

"ಏನ್ ಮಾಡ್ಲಿ?"

"ಮೊದಲ ಅದಕ್ಕ ಸಪ್ಪಳ ರೂಢಿ ಮಾಡಸು."

ಮಾಡಿಸಿದ. ಮುಂಜಾನೆಯಿಂದ ಮಧ್ಯಾಹ್ನದ ತನಕ ಮಷೀನು ನಾಯಿಯ ಕಿವಿಗೇ ಹಿಡಿದ. ನಾಯಿ ತೆವಳಿಕೊಂಡು ಮಂಚದ ಕೆಳಗೆ ಹೋಯಿತು.

"ಹುಚ್ಚಪ್ಯಾಲಿ, ದೂರ ಹಿಡೀಬೇಕು. ಸಪ್ಪಳ ಆದಾಗ ಬಾಯಿಗೆ ಏನರ ಹಾಕಬೇಕು."

ಮರುದಿನ ಹಾಕಿದ. ಮಷೀನು ಗುಂಯ್ ಅಂದಾಗಲೆಲ್ಲ ತನ್ನ ಬಾಯಿಗೆ ಒಂದು ಶೇಂಗಾದ ಉಂಡೆ. ಅರ್ಧ ಡಬ್ಬಿ ಮುಗಿಯಿತು. ನಾಯಿ ಅವನ ಬಾಯಿ ನೋಡುತ್ತಾ ಮಲಗಿತ್ತು.

"ನಿನ್ನ ಬಾಯಿಗಲ್ಲೋ, ನಾಯಿ ಬಾಯಿಗೆ. ಮಷೀನ ಒತ್ತಬ್ಯಾಡ ಮತ್ತ. ಪಾತ್ರಿಗೆ ಹಿಡದಂಗ ಹಗೂರಕ ಹಿಡಿ."

ಹಿಡಿದ. ಪಾತ್ರೆಗೆ ಹಿಡಿದ ಹಾಗೇ. ಮುಂಗಾಲಿನ ನಾಲ್ಕು ಉಗುರಿಗೆ ನಾಲ್ಕು ಅಕ್ಷರ ಕೊರೆದ. ಸಾ, ವಂ, ತ್ರ, ವ್ವ. ಮೇಲಿನ ಸಣ್ಣ ಉಗುರಿಗೆ ತಾರೀಕು ಕೊರೆಯುವಾಗ ರಕ್ತ ಬಂತು.

ಸಾವಂತ್ರವ್ವ ಅರಿಷಿಣ ಒತ್ತಿ ಹಿಡಿದಳು.

"ಹೆಸರು ಯಾಕ ಕೊರದಿ?"

"ಹೆಸರಿಲ್ಲದ ಪಾತ್ರಿ ಮಂದಿ ಮನ್ಯಾಗ ಕಳೀತಾವು ಅಂತಿದ್ದೆಲ್ಲ."

ಅವಳು ಮಷೀನು ತನ್ನ ಕೈಗೆ ತೆಗೆದುಕೊಂಡಳು.

"ಇಲ್ಲಿ ಕೇಳು. ಉಗುರಿಗೆ ಕಲ್ಲು ಮುಟ್ಟಸು. ಒಂದು, ಎರಡು ಎಣಸು. ಬಿಡು. ಹೆಚ್ಚು ಹಿಡದರ ಬಿಸಿ ಆಗ್ತೈತಿ. ತಣ್ಣಗಾದಮ್ಯಾಲ ಮತ್ತ ಮುಟ್ಟಸು. ನಡುವ ಕರಿ ಚುಕ್ಕಿ ಕಂಡರ ಅಲ್ಲಿಗೇ ಸಾಕು."

ಈ ಸಲ ಪೆದ್ದ ತಪ್ಪಲಿಲ್ಲ. ಒಂದು, ಎರಡು, ಬಿಡು. ಒಂದು, ಎರಡು, ಬಿಡು. ದಿನಾ ಸ್ವಲ್ಪ ಸ್ವಲ್ಪ, ಒಂದು ತಿಂಗಳು ಉಜ್ಜಿದ. ಕೊರೆದ ಹೆಸರೂ ಸವೆದು ಹೋಯಿತು. ದೊರೆ ಎದ್ದು ನಡೆಯಿತು.

ಆ ವಾರವೇ ಸಾವಂತ್ರವ್ವ ಜ್ವರ ಬಂದು ಮಲಗಿದಳು. ಮೂರನೆಯ ದಿನ, "ಕೈ ಹಿಡ್ಕೋ ಗದಿಗ್ಯಾ" ಅಂದಳು.

ಹಿಡಿದ. ಒಂದು, ಎರಡು ಎಣಿಸಿದ. ಬಿಟ್ಟ.

ಪಾತ್ರೆ ಅಂಗಡಿಯ ಹೊಳೆಬಸಪ್ಪ ಪಕ್ಕದಲ್ಲಿ ಕೂತಿದ್ದ. "ಯಾಕಲೇ ಬಿಟ್ಟಿ?"

"ಬಿಸಿ ಐತಿ. ತಣ್ಣಗಾಗಲಿ."

ತಣ್ಣಗಾಯಿತು.

"ದರಿದ್ರವನ, ಹಡದಾಕಿ ಕೈ ಬಿಡ್ತಾರೇನು? ಹಿಡಕೋಬೇಕು. ಬಿಡಬಾರದು."

ಹಿಡಿದುಕೊಂಡ. ಮಣ್ಣಿಗೆ ಒಯ್ಯುವಾಗ ಹಿಡಿದೇ ನಡೆದ. ದೊರೆಯೂ ಹಿಂದೆ ಬಂತು. ಕುಣಿಯೊಳಗೆ ಇಳಿಸಿ ಕೂಡಿಸುವಾಗಲೂ ಬಿಡಲಿಲ್ಲ. ಜನ ಹಿಡಿಮಣ್ಣು ಹಿಡಿದು ನಿಂತೇ ಇದ್ದರು. ಹೊಳೆಬಸಪ್ಪ ಕೆಳಗೆ ಬಗ್ಗಿ ಅವನ ಒಂದೊಂದೇ ಬೆರಳು ಬಿಡಿಸಿದ.

"ಸಾಕು ಬಿಡಪಾ. ಹೊಂಟವರನ್ನ ಹಿಡದು ನಿಲ್ಲಸಬಾರದು. ಬಿಟ್ಟುಬಿಡಬೇಕು."

"ಹೊಂಟವರನ್ನ ಬಿಟ್ಟುಬಿಡಬೇಕು" ಅಂದ ಗದಿಗೆಪ್ಪ.

ಮಣ್ಣಾಯಿತು. ಜನ ಸ್ನಾನಕ್ಕೆ ಹೊರಟರು. ಹೊಳೆಬಸಪ್ಪ ನಾಯಿಯ ಹಗ್ಗ ಗದಿಗೆಪ್ಪನ ಕೈಗಿಟ್ಟ. "ನಾಯಿ ಮುಟ್ಟಸ್ತೈತಿ, ಮನಿಗೆ ನಡಿ" ಅಂದು ತಾನೂ ಹೋದ.

ದೊರೆ ಮನೆಯ ಕಡೆ ಹೆಜ್ಜೆ ಇಟ್ಟಿತು. ಹಗ್ಗ ಬಿಗಿಯಾಯಿತು.

"ನೀನೂ ಹೊಂಟಿ?" ಅಂದ ಗದಿಗೆಪ್ಪ.

ಹಗ್ಗ ಬಿಟ್ಟ.

ಸಂಜೆಗೆ ನಾಯಿ ಮನೆಗೆ ಬಂತು. ಕುಂಟದೆ ಬಂತು. ಹಿಂದೆ ಹಗ್ಗ ಎಳೆದುಕೊಂಡು ಬರುತ್ತಿತ್ತು. ತುದಿಗೆ ಯಾರೂ ಇರಲಿಲ್ಲ.