ಸಪ್ಪೆಕಟ್ಟೆಗೆ ಆ ಹೆಸರು ಬಂದ ಬಗೆ

ಹೆದ್ದಾರಿಯಿಂದ ಪಶ್ಚಿಮಕ್ಕೆ ತಿರುಗಿ, ಹೊಳೆಯ ಸೇತುವೆ ದಾಟಿ, ಗಾಳಿಮರಗಳ ನಡುವೆ ಎರಡು ಮೈಲಿ ಸಾಗಿದರೆ ಸಪ್ಪೆಕಟ್ಟೆಯ ಕಡಲತೀರ ಸಿಗುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿ ನಾಲ್ಕು ದೋಣಿ, ಒಂದು ಚಹಾದ ಗೂಡು ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಶನಿವಾರ ಬಂತೆಂದರೆ ಹುಬ್ಬಳ್ಳಿ, ದಾವಣಗೆರೆ, ಪುಣೆಯ ಕಡೆಯ ಗಾಡಿಗಳು ಸಾಲುಗಟ್ಟುತ್ತವೆ. ಬಂದವರು ಮೊದಲು ನೀರಿಗಿಳಿಯುತ್ತಾರೆ, ಆಮೇಲೆ ದೋಣಿಯಲ್ಲಿ ಕುಳಿತು ಡಾಲ್ಫಿನ್ ನೋಡಲು ಹೋಗುತ್ತಾರೆ, ಮಧ್ಯಾಹ್ನ ತೆಂಗಿನ ಗರಿ ಹೊದಿಸಿದ ಖಾನಾವಳಿಗಳಲ್ಲಿ ಬಂಗಡೆ ಹುರಿದದ್ದು, ಚಿಪ್ಪಿಕಲ್ಲಿನ ಸುಕ್ಕ, ಕೆಂಪಕ್ಕಿ ಅನ್ನ ಉಂಡು, ಬಿಸಿಲು ಇಳಿದ ಮೇಲೆ ಗುಡ್ಡ ಹತ್ತುತ್ತಾರೆ. ಗುಡ್ಡದ ನೆತ್ತಿಯಲ್ಲಿ ಮಾಡು ಕುಸಿದ ಹಳೆಯ ಬಸದಿ ಇದೆ. ಅದರ ಕೆಳಗೆ, ಕಡಲಿಗೆ ಮುಖಮಾಡಿ, ಬೇಲೆಯಮ್ಮನ ಗುಡಿ ಇದೆ. ನಮ್ಮ ಕಡೆ ಕಡಲ ದಂಡೆಯ ಮರಳಿಗೆ ಬೇಲೆ ಎನ್ನುವುದರಿಂದ ಆ ದೇವಿಗೆ ಆ ಹೆಸರು. ಗುಡಿಯ ಎದುರಿಗಿರುವ ಕಲ್ಲಿನ ಕಟ್ಟೆಯಿಂದ ಊರಿಗೇ ಸಪ್ಪೆಕಟ್ಟೆ ಎಂಬ ಹೆಸರಾಯಿತು.

ಹೋದ ವರ್ಷ ಪಂಚಾಯಿತಿಯಲ್ಲಿ ಈ ಹೆಸರನ್ನು ಬದಲಾಯಿಸಬೇಕೆಂಬ ಮಾತು ಎದ್ದಿತು. ಊಟದ ಮನೆಗಳನ್ನೇ ನಂಬಿ ಬದುಕುವ ಊರಿಗೆ ಸಪ್ಪೆ ಎಂಬ ಹೆಸರಿದ್ದರೆ ಯಾರು ತಾನೇ ಊಟಕ್ಕೆ ಬರುತ್ತಾರೆ ಎಂಬುದು ಹೊಸ ರೆಸಾರ್ಟಿನವರ ವಾದ. ಸಭೆಯಲ್ಲಿದ್ದ ಮಾಸ್ತಮ್ಮ, ಎಂಬತ್ತು ದಾಟಿದ ಹೆಂಗಸು, ಹರೆಯದಲ್ಲಿ ಉಪ್ಪಿನ ಆಗರದಲ್ಲಿ ದುಡಿದವರು, ಎದ್ದು ನಿಂತು ಕೇಳಿದರು: "ಹೆಸರು ತೆಗೆಯುವುದು ದೊಡ್ಡದಲ್ಲ. ಅದು ಯಾಕೆ ಬಂತೆಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?" ಅವರು ಅಂದು ಹೇಳಿದ್ದನ್ನೂ, ಬೇಲೆಯಮ್ಮನ ಪೂಜೆ ಮಾಡುವ ಗುನಗರ ಮನೆಯವರಿಂದ ನಾನು ಕೇಳಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿಟ್ಟಿದ್ದೇನೆ.

ಹಿಂದೆ ಒಮ್ಮೆ, ಗುಡ್ಡದ ಮೇಲಿನ ಬಸದಿಯ ಮಾಡು ಇನ್ನೂ ಕುಸಿಯದಿದ್ದ ಕಾಲದಲ್ಲಿ, ಈ ದಂಡೆ ಮಲ್ಲರಸ ಒಡೆಯ ಎಂಬವನ ಆಳಿಕೆಯಲ್ಲಿತ್ತು. ಹೊಳೆಯ ಬಾಯಿಯಿಂದ ಗುಡ್ಡದ ಬುಡದವರೆಗೆ ಹಬ್ಬಿದ್ದ ಉಪ್ಪಿನ ಆಗರಗಳೆಲ್ಲ ಅವನವು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅಲ್ಲಿ ಉಪ್ಪಿನ ರಾಶಿಗಳು ಸಣ್ಣ ಗುಡ್ಡಗಳಂತೆ ಬೆಳ್ಳಗೆ ನಿಂತಿರುತ್ತಿದ್ದವು. ಒಡೆಯ ಕೆಟ್ಟವನೆಂದು ಯಾರೂ ಹೇಳುವುದಿಲ್ಲ. ಗುಡಿಯ ಪಕ್ಕದಲ್ಲಿ ಅವನು ಒಂದು ಛತ್ರ ಕಟ್ಟಿಸಿದ್ದ. ಕಡಲಿನಿಂದಾಗಲಿ ಘಟ್ಟದಿಂದಾಗಲಿ ಹಸಿದು ಬಂದವರಿಗೆ ಅಲ್ಲಿ ಮೂರು ದಿನ ಗಂಜಿ ಸಿಗುತ್ತಿತ್ತು. ಜಾತಿ ಯಾವುದು, ಊರು ಯಾವುದು ಎಂದು ಕೇಳುತ್ತಿರಲಿಲ್ಲ. ಆದರೆ ನಾಲ್ಕನೆಯ ದಿನ ಬೆಳಿಗ್ಗೆ ಉಂಡವರನ್ನು ಬೇಲೆಯಮ್ಮನ ಎದುರು ನಿಲ್ಲಿಸಿ, ಗುನಗನ ಬಾಯಿಂದ ಮೂರು ಸಲ ಒಂದೇ ಪ್ರಶ್ನೆ ಕೇಳಿಸುತ್ತಿದ್ದರು. "ಯಾರ ಉಪ್ಪು ಉಂಡಿರಿ?" ದೇವಿಯ ಎದುರು ಸುಳ್ಳು ಹೇಳುವವರು ಯಾರು? "ಒಡೆಯರ ಉಪ್ಪು" ಎಂದು ಮೂರು ಸಲ ಅಂದರೆ ಮುಗಿಯಿತು. ಅವರೂ ಅವರ ಮಕ್ಕಳೂ ಒಡೆಯನ ಆಗರಕ್ಕೆ ಸೇರಿದವರು. ಉಪ್ಪಿನ ಋಣ ತೀರಿಸುವುದಕ್ಕೆ ಒಂದು ಜನ್ಮ ಸಾಲದು ಎಂದೇ ಒಡೆಯ ನಂಬಿದ್ದ. ತಾನು ಪ್ರಾಣ ಉಳಿಸಿದೆ, ಅವರು ದುಡಿಯುತ್ತಾರೆ, ಇದರಲ್ಲಿ ಅನ್ಯಾಯವೇನಿದೆ ಎಂಬುದು ಅವನ ಲೆಕ್ಕಾಚಾರ. ಬಿಸಿಲಲ್ಲಿ, ಉಪ್ಪುನೀರಿನಲ್ಲಿ ದಿನವಿಡೀ ನಿಂತು ಕಾಲು ಬಿರಿದವರು ಏನೆಂದುಕೊಳ್ಳುತ್ತಿದ್ದರೋ ಅದನ್ನು ಅವನು ಕೇಳಿದವನಲ್ಲ.

ಛತ್ರದ ಒಲೆ ನೋಡಿಕೊಳ್ಳುತ್ತಿದ್ದವಳು ಕುಸಲಿ ಎಂಬ ಹೆಂಗಸು. ಅವಳ ತಾಯಿ ಬರಗಾಲದಲ್ಲಿ ಘಟ್ಟ ಇಳಿದು ಬಂದವಳು. ಛತ್ರದಲ್ಲಿ ಗಂಜಿ ಉಣ್ಣುವಾಗ ಕುಸಲಿ ಇನ್ನೂ ಅವಳ ಹೊಟ್ಟೆಯಲ್ಲಿದ್ದಳು. ತಾಯಿ ಆಗರದಲ್ಲೇ ಸತ್ತಳು. ಮಗಳ ಕೈ ಅಡುಗೆಗೆ ಒಗ್ಗಿದ್ದರಿಂದ ಅವಳನ್ನು ಒಲೆಯ ಮುಂದೆ ಕೂರಿಸಿದರು. ಇಪ್ಪತ್ತು ವರ್ಷ ಕುಸಲಿ ಬಂದವರಿಗೆಲ್ಲ ಗಂಜಿ ಬೇಯಿಸಿದಳು. ಮರದ ಮರಿಗೆಯಿಂದ ಉಪ್ಪು ತೆಗೆದು ಹಂಡೆಗೆ ಹಾಕುವುದನ್ನು ಒಡೆಯನ ಪಾರುಪತ್ತೇಗಾರ ನಿಂತು ನೋಡುತ್ತಿದ್ದ. ತಾನು ಹಾಕುವ ಹಿಡಿಯುಪ್ಪು ಎದುರಿಗೆ ಕುಳಿತವರ ಬದುಕನ್ನು ಕಟ್ಟಿಹಾಕುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಹಾಕಿದಳು. ಮಾಸ್ತಮ್ಮ ಈ ಮಾತನ್ನು ಒತ್ತಿ ಹೇಳಿದರು. "ಅವಳೇನು ಹುಟ್ಟಾ ದೇವತೆಯಲ್ಲ. ಇಪ್ಪತ್ತು ವರ್ಷ ತಲೆ ತಗ್ಗಿಸಿ ಉಪ್ಪು ಹಾಕಿದವಳೇ."

ಒಂದು ವರ್ಷ ದೀಪಾವಳಿ ಕಳೆದ ಮೇಲೆ, ಕಾಲವಲ್ಲದ ಕಾಲದಲ್ಲಿ ಬಿರುಗಾಳಿ ಎದ್ದು, ತೆಂಕಣಕ್ಕೆ ಹೊರಟಿದ್ದ ಒಂದು ಹಾಯಿಹಡಗು ಹೊಳೆಯ ಬಾಯಿಯ ಬಂಡೆಗಳಿಗೆ ಬಡಿದು ಒಡೆಯಿತು. ಹಲಗೆ ಹಿಡಿದು ದಡ ಸೇರಿದವರು ಹತ್ತೊಂಬತ್ತು ಜನ. ಎಲ್ಲರೂ ಕಲ್ಲುಕುಟಿಗರ ಒಂದೇ ಬಳಗದವರು. ತೆಂಕಣದ ಯಾವುದೋ ದೇಗುಲದ ಕೆಲಸಕ್ಕೆ ಕರೆ ಬಂದು ಸಂಸಾರ ಸಮೇತ ಹೊರಟಿದ್ದರು. ಅವರ ಹಿರಿಯ ಬಮ್ಮೋಜ. ಅವನ ಮಗ ಕಡಲಿನ ಪಾಲಾಗಿದ್ದ. ಸೊಸೆ ಬಾಚವ್ವೆ ಉಳಿದಿದ್ದಳು, ಅವಳಿಗೆ ಏಳು ತಿಂಗಳು. ಛತ್ರದ ಜಗಲಿಯಲ್ಲಿ ಒದ್ದೆ ಸೀರೆಯಲ್ಲೇ, ಎರಡೂ ಕೈಗಳಿಂದ ಹೊಟ್ಟೆ ಹಿಡಿದು ಕುಳಿತ ಆ ಹೆಣ್ಣನ್ನು ನೋಡಿದಾಗ ಕುಸಲಿಗೆ ಒಲೆಯ ಮುಂದೆ ನಿಲ್ಲಲಾಗಲಿಲ್ಲ ಎನ್ನುತ್ತಾರೆ. ಅವಳು ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು. ಅಕ್ಕಿ ಬೆಂದಾಗ ಎಂದಿನಂತೆ ಮರಿಗೆಗೆ ಬಲಗೈ ಹಾಕಿ ಹಿಡಿ ತುಂಬ ಉಪ್ಪು ತೆಗೆದಳು. ಪಾರುಪತ್ತೇಗಾರ ನೋಡುತ್ತಿದ್ದಂತೆಯೇ ಮುಷ್ಟಿಯನ್ನು ಹಂಡೆಯ ಮೇಲೆ ಒಯ್ದಳು, ಆದರೆ ಬೆರಳು ಬಿಡಿಸಲಿಲ್ಲ. ಹಬೆಯಲ್ಲಿ ಅದು ಅವನಿಗೆ ಕಾಣಲಿಲ್ಲ. ಬಲಗೈ ಮುಷ್ಟಿ ಹಾಗೇ ಇರಿಸಿಕೊಂಡು ಎಡಗೈಯಿಂದ ಸೌಟು ಹಿಡಿದು ಗಂಜಿ ತಿರುವಿದಳು. ಉಪ್ಪು ಅವಳ ಸೆರಗಿನ ಗಂಟು ಸೇರಿತು.

ಹಸಿದವರು ರುಚಿ ನೋಡಲಿಲ್ಲ, ಉಂಡರು. ಎರಡನೆಯ ದಿನ ಮಧ್ಯಾಹ್ನ, ಪಾರುಪತ್ತೇಗಾರ ಬಾಗಿಲಲ್ಲೇ ಇರುವಾಗ, ಬಾಚವ್ವೆ ಎಲೆಯಿಂದ ತಲೆಯೆತ್ತಿ ಕೇಳಿದಳು. "ಅಕ್ಕಾ, ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಹರಳು ಉಪ್ಪು ಕೊಡುತ್ತೀಯಾ?" ಹೊರಗೆ ಆಳೆತ್ತರದ ಉಪ್ಪಿನ ರಾಶಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಬಸಿರಿಯ ಬಯಕೆಗೆ ಇಲ್ಲವೆನ್ನುವುದು ನಮ್ಮ ಕಡೆ ದೊಡ್ಡ ಪಾಪ. ಕುಸಲಿ ಅವಳ ಎದುರು ಕುಕ್ಕರಗಾಲಲ್ಲಿ ಕುಳಿತು, ಗಂಜಿ ಬಡಿಸುವ ನೆಪದಲ್ಲಿ ಬಾಗಿ ಮೆಲ್ಲಗೆ ಹೇಳಿದಳು: "ಕೇಳಬೇಡ ತಂಗಿ. ಹೊಟ್ಟೆಯಲ್ಲಿರುವ ಕೂಸಿನ ಆಣೆ, ಸಪ್ಪೆಯೇ ಉಣ್ಣು. ನಾಡಿದ್ದು ದೇವಿಯ ಮುಂದೆ ಕೇಳಿದಾಗ ನಿಜ ಹೇಳು. ನಿನ್ನವರಿಗೂ ಅದನ್ನೇ ಹೇಳು." ಬಾಚವ್ವೆ ಎಲೆ ಬರಿದು ಮಾಡಿದಳು.

ನಾಲ್ಕನೆಯ ದಿನ ಒಡೆಯ ತಾನೇ ಬಂದಿದ್ದ. ಕಲ್ಲುಕೆಲಸ ಬಲ್ಲ ಆಳುಗಳು ಸಿಕ್ಕಿದರೆಂದು ಅವನಿಗೆ ಸಂತೋಷವಿತ್ತು. ಗುನಗ ಕೇಳಿದ. "ಯಾರ ಉಪ್ಪು ಉಂಡಿರಿ?" ಬಮ್ಮೋಜ ಕೈಮುಗಿದು, "ಯಾರ ಉಪ್ಪನ್ನೂ ಉಂಡಿಲ್ಲ. ಅನ್ನ ಉಂಡಿದ್ದೇವೆ" ಎಂದ. ಎರಡನೆಯ ಸಲ, ಮೂರನೆಯ ಸಲವೂ ಅದೇ ಉತ್ತರ. ಜನ ಗುಸುಗುಸು ಎಂದರು. ಒಡೆಯ ಹಂಡೆಯನ್ನೇ ತರಿಸಿ, ಅಡಿಯಲ್ಲಿ ಉಳಿದಿದ್ದ ಗಂಜಿಯನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿದ. ಅವನ ಮುಖ ಕಪ್ಪಿಟ್ಟಿತು. "ನನ್ನ ದಂಡೆಯ ಕಡಲನೀರು ಕುಡಿದೇ ದಡಕ್ಕೆ ಬಂದವರಲ್ಲವೇ ಇವರು? ಅದು ಉಪ್ಪಲ್ಲವೇ?" ಎಂದ. ಗುನಗ ಹೆದರಿದವನು. ಅವನ ಮನೆಯ ಅಕ್ಕಿಯೂ ಒಡೆಯನ ಕಣಜದಿಂದಲೇ ಬರುತ್ತಿತ್ತು. ಆದರೂ ದೇವಿಯ ಕಡೆ ಒಮ್ಮೆ ತಿರುಗಿ ನೋಡಿ, "ಕಡಲಿನ ಉಪ್ಪು ಕಡಲಿನದು, ಒಡೆಯ. ಅದಕ್ಕೆ ಇವರು ಒಬ್ಬ ಮಗನನ್ನು ಕೊಟ್ಟು ಬಂದಿದ್ದಾರೆ" ಎಂದ.

ಅಡುಗೆ ಮಾಡಿದವರು ಯಾರೆಂದು ಕೇಳುವ ಮೊದಲೇ ಕುಸಲಿ ಮುಂದೆ ಬಂದು ನಿಂತಳು. ಸೆರಗಿನ ಗಂಟು ಬಿಚ್ಚಿ, ಮೂರು ದಿನದ ಉಪ್ಪನ್ನು ಒಡೆಯನ ಕಾಲಬಳಿ ಕಲ್ಲಿನ ಮೇಲೆ ಸುರಿದಳು.

"ನೀನು ನನ್ನ ಉಪ್ಪು ಉಂಡವಳಲ್ಲವೇ?"

"ಉಂಡಿದ್ದೇನೆ. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಉಂಡಿದ್ದೇನೆ. ನನ್ನನ್ನು ಯಾರೂ ಕೇಳಲಿಲ್ಲ, ಆದರೂ ಇಲ್ಲವೆನ್ನುವುದಿಲ್ಲ."

"ಹಾಗಿದ್ದೂ ನನಗೆ ಎರಡು ಬಗೆದೆ."

"ಹಸಿದವರಿಗೆ ಅನ್ನ ಹಾಕು ಎಂದು ನೀವು ನನ್ನನ್ನು ಒಲೆಯ ಮುಂದೆ ಕೂರಿಸಿದಿರಿ. ಈ ಮೂರು ದಿನ ಅಷ್ಟನ್ನೇ ಮಾಡಿದ್ದೇನೆ."

ದೇವಿಯ ಎದುರು ಆಡಿದ ಮಾತನ್ನು ಮೀರುವ ಧೈರ್ಯ ಒಡೆಯನಿಗೂ ಇರಲಿಲ್ಲ. ಹತ್ತೊಂಬತ್ತು ಜನರನ್ನು ಹೋಗಲು ಬಿಟ್ಟ. ಕುಸಲಿಗೆ ಶಿಕ್ಷೆ ವಿಧಿಸಿದ. ಅಂದಿನಿಂದ ಅವಳು ಒಲೆಯ ಹತ್ತಿರ ಸುಳಿಯಬಾರದು, ಆಗರದಲ್ಲಿ ಉಪ್ಪು ಎಳೆಯಬೇಕು. "ನನ್ನ ಉಪ್ಪನ್ನು ಬಚ್ಚಿಟ್ಟವಳ ಎಲೆಗೆ ಇನ್ನು ಒಂದು ಹರಳೂ ಬೀಳಬಾರದು" ಎಂದ. ಬಾಚವ್ವೆ ಹೋಗುವಾಗ ಕುಸಲಿಯ ಕೈ ಹಿಡಿದು, ನಮ್ಮ ಜೊತೆ ಬಂದುಬಿಡು ಎಂದಳಂತೆ. "ನಾನು ಉಪ್ಪು ಉಂಡವಳು ತಂಗಿ. ನೀನು ನಡೆ, ಬಿಸಿಲೇರುವ ಮುಂಚೆ ಹೊಳೆ ದಾಟು" ಎಂದು ಕುಸಲಿ ಕೈ ಬಿಡಿಸಿಕೊಂಡಳು.

ಒಂಬತ್ತು ವರ್ಷ ಅವಳು ಉಪ್ಪಿನ ನಡುವೆ ನಿಂತು ಉಪ್ಪಿಲ್ಲದ ಗಂಜಿ ಉಂಡಳು. ಜೊತೆಯವರು ಕದ್ದು ಕೊಡಲು ಬಂದರೂ ಮುಟ್ಟಲಿಲ್ಲ. ಹತ್ತನೆಯ ವರ್ಷದ ಮಳೆಗಾಲದಲ್ಲಿ ಒಡೆಯನ ಕಾಲು ಬಾತುಕೊಂಡಿತು, ಆಮೇಲೆ ಹೊಟ್ಟೆ, ಮುಖ. ವೈದ್ಯ ಬಂದು ನೋಡಿ, ಉಪ್ಪು ಪೂರಾ ಬಿಟ್ಟರೆ ಮಾತ್ರ ಬದುಕುತ್ತಾರೆ ಎಂದ. ಮನೆಯವರು ಏನು ಮಾಡಿ ಕೊಟ್ಟರೂ ಒಡೆಯನಿಗೆ ಸೇರಲಿಲ್ಲ. ಎಲೆಯ ಮುಂದೆ ಕುಳಿತು ಎದ್ದುಬಿಡುತ್ತಿದ್ದ. ದೇಹ ಬಡವಾಗುತ್ತ ಬಂತು. ಕೊನೆಗೆ ಒಂದು ಬೆಳಿಗ್ಗೆ ಅವನೇ ಕುಸಲಿಯನ್ನು ಕರೆಸಿದ. ಅವಳ ಕೂದಲು ಬೆಳ್ಳಗಾಗಿತ್ತು, ಹಿಮ್ಮಡಿ ಒಡೆದು ನಡೆಯುವುದೇ ಕಷ್ಟವಾಗಿತ್ತು.

"ಇಷ್ಟು ವರ್ಷ ಸಪ್ಪೆ ಹೇಗೆ ಉಂಡೆ?" ಎಂದು ಒಡೆಯ ಕೇಳಿದ.

"ಮೊದಲ ಮಳೆಗಾಲ ಕಷ್ಟ. ಆಮೇಲೆ ಅಕ್ಕಿಯ ರುಚಿ ಗೊತ್ತಾಗುತ್ತದೆ."

ಅವಳು ಒಲೆ ಹೊತ್ತಿಸಿ, ಹೊಳೆಯಂಚಿನ ಗಜನಿ ಗದ್ದೆಯ ಕೆಂಪಕ್ಕಿಯನ್ನು ನಿಧಾನವಾಗಿ ಬೇಯಿಸಿ, ಎಳೆ ತೆಂಗಿನಕಾಯಿ ಹಾಲು ಬೆರೆಸಿ ತಂದಿಟ್ಟಳು. ಒಡೆಯ ಉಂಡ. ಮಳೆಗಾಲ ಮುಗಿಯುವವರೆಗೂ ಅವಳ ಕೈಯ ಗಂಜಿಯೇ ಅವನಿಗೆ ಆಹಾರ. ಬಾವು ಇಳಿಯಿತು. ಗೋಡೆ ಹಿಡಿದು ನಡೆಯುವಂತಾದ ದಿನ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಕುಸಲಿ, ನಿನ್ನ ಗಂಜಿ ಉಂಡು ಬದುಕಿದೆ. ಈ ಋಣವನ್ನು ನಾನು ಹೇಗೆ ತೀರಿಸಲಿ?" ಎಂದ.

ಅವಳು ಒಲೆಯಿಂದ ತಲೆ ಎತ್ತಲಿಲ್ಲ. "ಯಾವ ಋಣ, ಒಡೆಯ? ಅದರಲ್ಲಿ ಉಪ್ಪಿರಲಿಲ್ಲವಲ್ಲ" ಎಂದಳು.

ಒಡೆಯ ಬಾಗಿಲ ಹೊಸ್ತಿಲ ಮೇಲೆ ಕುಳಿತುಬಿಟ್ಟ. ಮೂರನೆಯ ದಿನ ಆಗರದವರನ್ನೆಲ್ಲ ಗುಡಿಯ ಎದುರು ಸೇರಿಸಿ, ಇನ್ನು ಈ ದಂಡೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಯಾರನ್ನೂ ಕೇಳಬಾರದು, ಇರುವವರು ಕೂಲಿಗೆ ಇರಲಿ, ಹೋಗುವವರು ಹೋಗಲಿ ಎಂದು ಸಾರಿದ. ಅರ್ಧಕ್ಕರ್ಧ ಜನ ಅದೇ ವಾರ ಹೊಳೆ ದಾಟಿದರು. ಅವರಲ್ಲಿ ಹಲವರನ್ನು ಅಲ್ಲಿ ಕಟ್ಟಿಹಾಕಿದ್ದು ಕುಸಲಿಯ ಕೈಯ ಉಪ್ಪೇ. ಒಬ್ಬೊಬ್ಬರೂ ಹಾದು ಹೋಗುವಾಗ ಅವಳು ಎದ್ದು ನಿಂತು ಕೈಮುಗಿದಳು. ಕೆಲವರು ತಿರುಗಿ ಮುಗಿದರು, ಕೆಲವರು ನೋಡದೆ ಹೋದರು. ಒಡೆಯ ಅವಳಿಗೆ, "ಒಂಬತ್ತು ವರ್ಷದಿಂದ ನೀನು ನನ್ನ ಉಪ್ಪು ಉಂಡಿಲ್ಲ. ನೀನೂ ನನ್ನವಳಲ್ಲ" ಎಂದ. ಹೋಗಲು ಅವಳಿಗೆ ಊರಿರಲಿಲ್ಲ. ಛತ್ರದ ಒಲೆಗೇ ಮರಳಿದಳು. ಬದುಕಿದ್ದಷ್ಟು ಕಾಲ, ಬಂದವರಿಗೆ ಉಪ್ಪಿಲ್ಲದ ಗಂಜಿ ಬಡಿಸಿದಳು. ಅವಳು ತೀರಿಕೊಂಡ ಸುದ್ದಿ ತೆಂಕಣಕ್ಕೆ ಮುಟ್ಟಿದಾಗ ಬಾಚವ್ವೆ ತನ್ನ ಬಳಗದ ನಾಲ್ವರನ್ನು ಕರೆದುಕೊಂಡು ಬಂದು, ಅವಳು ಬಡಿಸುತ್ತಿದ್ದ ಜಾಗದಲ್ಲಿ ಈ ಕಟ್ಟೆ ಕಟ್ಟಿಸಿದಳು ಎನ್ನುತ್ತಾರೆ.

ಛತ್ರ ಇಂದು ಉಳಿದಿಲ್ಲ. ಆಗರಗಳಲ್ಲಿ ಮುಕ್ಕಾಲು ಪಾಲು ಸಿಗಡಿ ಹೊಂಡಗಳಾಗಿವೆ. ಕಟ್ಟೆಯ ಪಡುವಣ ಮುಖದಲ್ಲಿ, ಉಪ್ಪುಗಾಳಿಗೆ ಸವೆದ ಒಂದು ಹೆಣ್ಣಿನ ಉಬ್ಬುಶಿಲ್ಪವಿದೆ. ಎಡಗೈಯಲ್ಲಿ ಸೌಟು, ಬಲಗೈ ಮುಷ್ಟಿ. ಎಡಗೈಯಲ್ಲಿ ಬಡಿಸುವ ದೇವಿ ಎಲ್ಲಾದರೂ ಉಂಟೇ ಎಂದು ಬಂದವರು ಆಶ್ಚರ್ಯಪಡುತ್ತಾರೆ. ಮುಷ್ಟಿಯಲ್ಲಿ ಮುತ್ತು ಇದೆ ಎಂದು ದೋಣಿಯ ಹುಡುಗರು ಬಾಯಿಗೆ ಬಂದದ್ದು ಹೇಳುವುದೂ ಉಂಟು. ಪಂಚಾಯಿತಿ ಹೆಸರನ್ನು ಬದಲಾಯಿಸಲಿಲ್ಲ. ಆ ದಂಡೆಯ ಯಾವ ಖಾನಾವಳಿಯಲ್ಲೇ ಕುಳಿತರೂ ಗಂಜಿ ಸಪ್ಪೆಯಾಗಿಯೇ ಬರುತ್ತದೆ. ಬಡಿಸುವವರು ನಿಮ್ಮ ಎಲೆಗೆ ಉಪ್ಪು ಹಾಕುವುದಿಲ್ಲ. ಕೇಳಿದರೆ ಉಪ್ಪು ತುಂಬಿದ ತೆಂಗಿನ ಕರಟವೊಂದನ್ನು ತಂದು ನಿಮ್ಮ ಹತ್ತಿರ ಇಡುತ್ತಾರೆ. ಬೇಕಾದಷ್ಟು ನೀವೇ ತೆಗೆದುಕೊಳ್ಳಬೇಕು. ನೀವು ಅದಕ್ಕೆ ಕೈ ಹಾಕುವಾಗ ಅವರು ಮುಖ ತಿರುಗಿಸಿ, ಸ್ವಲ್ಪ ಹೊತ್ತು ಕಡಲಿನ ಕಡೆ ನೋಡುತ್ತ ನಿಲ್ಲುತ್ತಾರೆ.