ಬರಿಗೈಗುಡ್ಡ

ಹಿರೇಕಾವಲಿನ ಬಯಲು ದಾಟಿದರೆ ಸಿಗುವ ಬೋಳುಗುಡ್ಡಕ್ಕೆ ಎರಡು ಹೆಸರು. ಬುಡದಲ್ಲಿರುವ ಪೇಟೆಯವರು ಅದನ್ನು ದಂಗೆಗುಡ್ಡ ಎನ್ನುತ್ತಾರೆ, ಆಚೆ ಬದಿಯ ಹಟ್ಟಿಯ ಕುರುಬರು ಬರಿಗೈಗುಡ್ಡ ಎನ್ನುತ್ತಾರೆ. ಹಟ್ಟಿಯಲ್ಲಿ ನಿಂತು ಪೇಟೆಯ ಹೆಸರು ಹೇಳಿ ದಾರಿ ಕೇಳಿದವರಿಗೆ ದಾರಿಯೂ ಸಿಗದು, ಮಜ್ಜಿಗೆಯೂ ಸಿಗದು. ತುದಿಯಲ್ಲಿ ಬೀರದೇವರ ಸಣ್ಣ ಗುಡಿ, ಅದರೆದುರು ಮುರಿದು ಬಿದ್ದ ಕೋಟೆಬಾಗಿಲು. ಹೆಸರಿನ ಜಗಳ ಹುಟ್ಟಿದ್ದು ಆ ಬಾಗಿಲಿನಲ್ಲೇ.

ಹಿಂದೆ ಒಮ್ಮೆ ಇಲ್ಲಿ ಆಳುತ್ತಿದ್ದ ಪಾಳೆಯಗಾರ ಕುರಿ ಮೇಯುವ ಕಾವಲಿಗೆಲ್ಲ ಬೇಲಿ ಹಾಕಿಸಿ ತನ್ನ ಕುದುರೆಗಳನ್ನು ಬಿಟ್ಟುಕೊಂಡನಂತೆ. ಹುಲ್ಲಿಲ್ಲದೆ ಮರಿಗಳು ಸಾಯತೊಡಗಿದಾಗ ಹಟ್ಟಿಯ ಹಿರಿಯ ಮಾಳಜ್ಜ ಜನರನ್ನು ಕರೆದುಕೊಂಡು ಮೊರೆಯಿಡಲು ಗುಡ್ಡ ಹತ್ತಿದ. ಕುರುಬ ಕೋಲು ಬಿಟ್ಟು ಹೊಸಿಲು ದಾಟಿದವನಲ್ಲ. ಎಲ್ಲರ ಕೈಯಲ್ಲೂ ಕೋಲಿತ್ತು. ಕೋಟೆಬಾಗಿಲಲ್ಲಿ ಅವರನ್ನು ತಡೆದ ಪಾಳೆಯಗಾರನ ಪಾರುಪತ್ಯಗಾರ ಹಂಪರಸನಿಗೆ ಅಷ್ಟೇ ಸಾಕಾಯಿತು. ಮೊರೆಯಿಡುವವರು ಬರಿಗೈಯಲ್ಲಿ ಬರುತ್ತಾರೆ, ಆಯುಧ ಹಿಡಿದು ಬಂದವರು ದಂಗೆಕೋರರು ಎಂದ. ಮೊರೆಗೆ ವಿಚಾರಣೆ, ದಂಗೆಗೆ ಹೆಬ್ಬೆರಳು ಕಡಿಯುವ ಶಿಕ್ಷೆ. ಮಾಳಜ್ಜನಿಗೆ ಮೈಯೆಲ್ಲ ಉರಿಯಿತು. ಕೋಲು ಆಯುಧವಾದರೆ ನಿನ್ನ ಮನೆಯ ಒನಕೆ ಏನೋ ಎಂದು ಕೇಳಬೇಕೆನಿಸಿತು. ಆದರೆ ಹಿಂದೆ ನಿಂತವರಲ್ಲಿ ಅವನ ಮಗನೂ ಇದ್ದ. ಸಿಟ್ಟು ನುಂಗಿಕೊಂಡು, ಕೋಲು ಕೆಳಗಿಡಿ ಎಂದು ಎಲ್ಲರಿಗೂ ಹೇಳಿದ. ಹೆಣದ ಪಕ್ಕ ಬಿಟ್ಟರೆ ಇನ್ನೆಲ್ಲೂ ನಾವು ಕೋಲು ಇಡುವುದಿಲ್ಲವೆಂದು ಮಗ ಗೊಣಗಿದ. ಆದರೂ ಅಪ್ಪನ ಮಾತು ಮೀರಲಿಲ್ಲ.

ಕೊನೆಯ ಕೋಲು ನೆಲ ಮುಟ್ಟಿದ ಮೇಲೆ ಹಂಪರಸ ನಕ್ಕ. “ಕೆಳಗಿಟ್ಟಿರಲ್ಲ, ಅಂದ ಮೇಲೆ ಅದು ಆಯುಧವೆಂದು ನೀವೇ ಒಪ್ಪಿದಿರಿ” ಎಂದ. ಸೋತು ಶರಣಾದ ದಂಗೆಕೋರರೆಂದು ಸಾರಿಸಿ, ಒಬ್ಬೊಬ್ಬರದೇ ಹೆಬ್ಬೆರಳು ಕಡಿಸಿದ. ಮಗನ ಸರದಿಯೂ ಬಂತು. ಮಾಳಜ್ಜನನ್ನು ಮಾತ್ರ ಯಾರೂ ಮುಟ್ಟಲಿಲ್ಲ. ದಂಗೆಯನ್ನು ಅಡಗಿಸಿದ ರಾಜನಿಷ್ಠ ಇವನೇ ಎಂದು ಹಂಪರಸ ಎಲ್ಲರೆದುರು ಅವನಿಗೆ ಶಾಲು ಹೊದಿಸಿದ. ಅಂಥ ನೀಚತನಕ್ಕೆ ಕನ್ನಡದಲ್ಲಿ ಬೈಗುಳ ಸಾಲದು.

ಮಾಳಜ್ಜ ಶಾಲನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕೈಯಿಟ್ಟು, ಸೊಂಟದಲ್ಲಿದ್ದ ಉಣ್ಣೆ ಕತ್ತರಿಸುವ ಕತ್ತರಿಯಿಂದ ತನ್ನ ಹೆಬ್ಬೆರಳನ್ನು ತಾನೇ ತೆಗೆದ. “ನಾನ್ಯಾರ ಕಡೆಯೋನು ಅಂತ ನೀನು ಹೇಳಬ್ಯಾಡ” ಎಂದನಂತೆ.

ಕೋಲಿಟ್ಟು ಬರಿಗೈಯಾದ ಜಾಗವೆಂದು ಹಟ್ಟಿಯವರು ಅದನ್ನು ಬರಿಗೈಗುಡ್ಡ ಎಂದರು. ಪೇಟೆಯವರಿಗೆ ಇಂದಿಗೂ ಹಂಪರಸನ ಮಾತೇ ವೇದವಾಕ್ಯ. ಕೋಲು ಹೊರಗಿಟ್ಟು ಒಳಗೆ ಬನ್ನಿ ಎಂದು ಗುಡಿಯ ಬಾಗಿಲಲ್ಲಿ ಫಲಕ ಹಾಕಿಸಿದ್ದಾರೆ. ಕುರುಬರು ಅದರ ಕೆಳಗೇ ಹಾದು ಹೋಗಿ, ಕೋಲನ್ನು ಕಂಕುಳಲ್ಲಿ ಅವುಚಿಕೊಂಡು, ಹೆಬ್ಬೆರಳು ಮಡಚಿ, ನಾಲ್ಕೇ ಬೆರಳಿನಲ್ಲಿ ಕೈಮುಗಿಯುತ್ತಾರೆ.