ಅಟ್ಟಕ್ಕೊಂದು ರೇಡಿಯೇಟರ್

ಹಿಮಾಲಯದ ತಪ್ಪಲಿನಲ್ಲಿ ಕನ್ನಡನಾಡಿನ ಗುರುಗಳೊಬ್ಬರು ಆಶ್ರಮ ಕಟ್ಟಿಕೊಂಡಿದ್ದರು. ಅಲ್ಲಿಯ ಚಳಿ ಹಲ್ಲು ಕಟಕಟಿಸುವಂಥದ್ದು. ಅದಕ್ಕೇ ಅಡುಗೆಮನೆಯ ಪಕ್ಕದಲ್ಲೊಂದು ಬಾಯ್ಲರ್ ಇತ್ತು. ಅದರ ಬಿಸಿನೀರು ಪೈಪುಗಳಲ್ಲಿ ಸುತ್ತಿ ಬಂದು ಕೋಣೆ ಕೋಣೆಯ ಕಬ್ಬಿಣದ ರೇಡಿಯೇಟರುಗಳನ್ನು ಕಾಯಿಸಿ ಕೋಣೆಗಳನ್ನು ಬೆಚ್ಚಗಿಡುತ್ತಿತ್ತು.

ಶಿಷ್ಯ ಕರಿಬಸವನ ಕಷ್ಟ ಚಳಿಯದಲ್ಲ, ಅಡುಗೆಯ ಹಾಲಪ್ಪನ ಗೊರಕೆಯದು. ಇಬ್ಬರ ಕೋಣೆಗಳ ನಡುವೆ ಇದ್ದದ್ದು ಬರೀ ಒಂದು ಹಲಗೆ. ಹಾಲಪ್ಪನೋ, ಕೈ ಬಿಡುವಾದಾಗಲೆಲ್ಲ ಮಲಗುವ ಪುಣ್ಯಾತ್ಮ. ಕರಿಬಸವ ಕಣ್ಣು ಮುಚ್ಚಿ ಕೂತರೆ ದೇವರಿಗಿಂತ ಮೊದಲು ಅವನೇ ಹಾಜರಾಗುತ್ತಿದ್ದ. ಈ ಚಳಿಗಾಲವೂ ಹೀಗೇ ಕಳೆದರೆ ತನ್ನ ಧ್ಯಾನ ಮಣ್ಣುಪಾಲು ಎಂದು ಶಿಷ್ಯನಿಗೆ ನಿಜಕ್ಕೂ ದಿಗಿಲಾಗಿತ್ತು.

"ಗುರುಗಳೇ, ನಾನು ಅಟ್ಟದಲ್ಲಿ ಇರ್ತೀನಿ. ಒಬ್ಬನೇ. ಯಾರ ಹಂಗೂ ಬೇಡ."

"ಅಲ್ಲಿ ಹೆಪ್ಪುಗಟ್ಟಿ ಹೋಗ್ತೀಯಲ್ಲೋ."

"ಕೆಳಗಿನ ಪೈಪಿನಿಂದ ಒಂದು ಕವಲು ಎಳೆದು ರೇಡಿಯೇಟರ್ ಕೂರಿಸ್ಕೊಳ್ತೀನಿ."

"ಯಾರ ಕೋಣೆ ಪೈಪು?"

"ಅಟ್ಟಕ್ಕೆ ಹತ್ತಿರ ಇರೋದು ಹಾಲಪ್ಪಂದೇ."

ಗುರುಗಳ ಗಡ್ಡದೊಳಗೆ ಏನೋ ಅಲುಗಾಡಿತು. "ಎಳಕೋ" ಎಂದರು.

ಕರಿಬಸವ ಆ ಚಳಿಯಲ್ಲೂ ಬೆವರು ಸುರಿಸಿ ಪೈಪು ಜೋಡಿಸಿದ, ನೀರು ಬಿಟ್ಟ. ರೇಡಿಯೇಟರ್ ಬಿಸಿಯಾಗಲಿಲ್ಲ. ಬಾಯ್ಲರಿಗೆ ಸೌದೆಯ ಮೇಲೆ ಸೌದೆ ತುರುಕಿದ. ಕೆಳಗಿನವರು ಕಂಬಳಿ ಕಿತ್ತೊಗೆದು ಬೀಸಣಿಗೆ ಹುಡುಕತೊಡಗಿದರು. ಅಟ್ಟ ಮಾತ್ರ ತಣ್ಣಗೇ ಇತ್ತು.

ಗುರುಗಳು ಮೇಲೆ ಹತ್ತಿ ಬಂದು, ರೇಡಿಯೇಟರಿನ ನೆತ್ತಿಯಲ್ಲಿದ್ದ ಸಣ್ಣ ತಿರುಪನ್ನು ಸಡಿಲಿಸಿದರು. ಬಿಸಿನೀರಿಗೆ ಅಡ್ಡವಾಗಿ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಬುಸ್ಸೆಂದು ಹೊರಬಿತ್ತು. ಹಿಂದೆಯೇ ನೀರು ಚಿಮ್ಮಿ ಕರಿಬಸವನ ಮುಖ ತೊಳೆಯಿತು. ಸ್ವಲ್ಪ ಹೊತ್ತಿಗೆಲ್ಲ ಅಟ್ಟ ಬೆಚ್ಚಗಾಯಿತು. ಕುಣಿಯುವುದೊಂದು ಬಾಕಿ, ಅಷ್ಟು ಖುಷಿ ಅವನಿಗೆ.

ಮಧ್ಯಾಹ್ನ ಊಟ ಮುಗಿಸಿ ಅಟ್ಟದ ಬಾಗಿಲು ಜಡಿದುಕೊಂಡ. ಪದ್ಮಾಸನ ಹಾಕಿ ಕಣ್ಣು ಮುಚ್ಚಿದ.

"ಗೊರ್ರ್ರ್..."

ರೇಡಿಯೇಟರ್ ಗೊರಕೆ ಹೊಡೆಯುತ್ತಿತ್ತು.

ಕೆಳಗೆ ಓಡಿ ಹೋಗಿ ನೋಡಿದರೆ, ಹಾಲಪ್ಪ ತನ್ನ ಕೋಣೆಯ ರೇಡಿಯೇಟರಿಗೆ ತಲೆ ಆನಿಸಿಕೊಂಡು ಸುಖನಿದ್ರೆಯಲ್ಲಿದ್ದ. ಅವನ ಗೊರಕೆ ಪೈಪು ಹಿಡಿದು ನೇರ ಅಟ್ಟಕ್ಕೆ ಹತ್ತುತ್ತಿತ್ತು.

ಕರಿಬಸವ ಅಳುಮೋರೆ ಹಾಕಿಕೊಂಡು ಗುರುಗಳ ಮುಂದೆ ನಿಂತ.

"ಗುರುಗಳೇ, ನನಗೆ ಬಿಸಿ ಬೇಕು, ಹಾಲಪ್ಪ ಬೇಡ. ಏನಾದ್ರೂ ಮಾಡಿ."

"ಅಷ್ಟೇನಾ?" ಎಂದು ಗುರುಗಳು ಎದ್ದು ಹೋದರು. ಬರುವಾಗ ಕೈಯಲ್ಲಿ ಒಂದು ಗರಗಸ, ಒಂದು ತುಂಡು ಸೀಮೆಸುಣ್ಣ ಇದ್ದವು. ಗರಗಸವನ್ನು ತಾವೇ ಹಿಡಿದುಕೊಂಡು ಸೀಮೆಸುಣ್ಣವನ್ನು ಅವನ ಕೈಗಿತ್ತರು.

"ಪೈಪಿನಲ್ಲಿ ಬಿಸಿ ಎಲ್ಲಿಗೆ ಮುಗೀತು, ಹಾಲಪ್ಪ ಎಲ್ಲಿಂದ ಶುರುವಾದ ಅಂತ ಒಂದು ಗೆರೆ ಎಳಿ. ಅಲ್ಲಿಗೇ ಕೊಯ್ದುಬಿಡೋಣ."